ಇತ್ತೀಚೆಗೆ ಯಾವ ಸಿನಿಮಾ ನೋಡಿದಿರಿ, ಎಲ್ಲಿ ನೋಡಿದಿರಿ?

ಮ್ಯಾಟ್ನಿ ಶೋ (ಮೈಸೂರು)

ಭಾನುವಾರ ಮಧ್ಯಾಹ್ನ ಊಟ ಮುಗಿಸಿ ಮನೆಯ ಟಿವಿಯಲ್ಲಿ ‘ಶಾಖಾಹಾರಿ’ ನೋಡಿದೆ. 2024ರ ಫೆಬ್ರವರಿಯಲ್ಲಿ ತೆರೆಕಂಡ ಚಿತ್ರ. ಮಲೆನಾಡಿನ ಊರೊಂದರಲ್ಲಿ ಸಸ್ಯಾಹಾರಿ ಹೋಟೆಲು ನಡೆಸುವ ಸುಬ್ಬಣ್ಣನ ಪಾತ್ರ ರಂಗಾಯಣ ರಘು ಅವರದು. ವರ್ಷಗಟ್ಟಲೆ ಅವರನ್ನು ನಗಿಸುವ ಪಾತ್ರಗಳಲ್ಲೇ ನೋಡಿದವನು ನಾನು. ಒಲೆಯ ಮುಂದೆ ನಿಂತ ಆ ಮುಖ ಎರಡು ದಿನವಾದರೂ ಕಣ್ಣ ಮುಂದಿನಿಂದ ಹೋಗಿಲ್ಲ.

ಆದರೆ ಚಿತ್ರ ಮುಗಿದ ಮೇಲೆ ಮನಸ್ಸಿಗೆ ಬೇಸರವಾಯಿತು. ಇದೇ ಚಿತ್ರದ ಪೋಸ್ಟರನ್ನು ನಾನು ಗೋಡೆಯ ಮೇಲೆ ನೋಡಿದ್ದೆ. ‘ಮುಂದಿನ ವಾರ ಹೋಗೋಣ’ ಎಂದು ಹೆಂಡತಿಗೆ ಹೇಳಿಯೂ ಇದ್ದೆ. ಮುಂದಿನ ವಾರ ಬರುವಷ್ಟರಲ್ಲಿ ಅದರ ಮೇಲೆ ಇನ್ನೊಂದು ಪೋಸ್ಟರ್ ಅಂಟಿತ್ತು. ನಾನು ಬೆಳೆದ ಕಾಲದಲ್ಲಿ ‘ಮುಂದಿನ ವಾರ’ ಎಂಬುದೊಂದು ಇತ್ತು. ಮೊದಲ ವಾರ ಕಾಲೇಜು ಹುಡುಗರು ನೋಡಿ ಬಂದು ಹೇಳುತ್ತಿದ್ದರು, ಎರಡನೆಯ ವಾರ ಕಚೇರಿಯವರು ಹೋಗುತ್ತಿದ್ದರು, ಮೂರನೆಯ ವಾರ ಮನೆಮಂದಿಯೆಲ್ಲ. ನಮ್ಮ ಅಮ್ಮ ಯಾವ ಚಿತ್ರವನ್ನೂ ನಾಲ್ಕನೆಯ ವಾರಕ್ಕೆ ಮೊದಲು ನೋಡಿದವರಲ್ಲ. ನೆಂಟರ ಮನೆಯ ಮದುವೆ, ಸಂಬಳದ ದಿನ, ಅಜ್ಜಿಯ ಆರೋಗ್ಯ ಎಲ್ಲವೂ ಕೂಡಿಬಂದ ಮೇಲೆ ಅವರ ಸರದಿ. ಅಮ್ಮ ಇಷ್ಟಪಟ್ಟು ಹೋಗುತ್ತಿದ್ದ ಶಾಂತಲಾ 2020ರಲ್ಲಿ ಮುಚ್ಚಿತು. ಕೊರೊನಾ ಕಾಲದಲ್ಲಿ ಬಾಗಿಲು ಹಾಕಿದ್ದು ಮತ್ತೆ ತೆರೆಯಲೇ ಇಲ್ಲ.

ನೀವೆಲ್ಲ ಈಚೆಗೆ ಏನು ನೋಡಿದಿರಿ? ಅದಕ್ಕಿಂತ ಮುಖ್ಯವಾಗಿ, ಎಲ್ಲಿ ನೋಡಿದಿರಿ?

ತುಂಗಾತೀರ (ಶಿವಮೊಗ್ಗ)

ಸರ್, ‘ಶಾಖಾಹಾರಿ’ಯನ್ನು ನಾನು ಚಿತ್ರಮಂದಿರದಲ್ಲೇ ನೋಡಿದೆ. ಶಾಲೆ ಮುಗಿಸಿ ಇಬ್ಬರು ಸಹೋದ್ಯೋಗಿಗಳೊಂದಿಗೆ ಫಸ್ಟ್ ಶೋಗೆ ಹೋಗಿದ್ದೆ. ಒಳಗೆ ಐವತ್ತು ಜನರಿದ್ದರೆ ಹೆಚ್ಚು. ಆದರೂ ಆ ಐವತ್ತು ಜನರ ಮೌನ ಎಂಥದ್ದಾಗಿತ್ತು ಎಂದರೆ, ಹಿಂದಿನ ಸಾಲಿನಲ್ಲಿ ಯಾರೋ ಕಡಲೆಕಾಯಿ ಪೊಟ್ಟಣ ಬಿಚ್ಚಲು ಹೋಗಿ ಅರ್ಧಕ್ಕೇ ನಿಲ್ಲಿಸಿದ್ದು ನನಗೆ ಕೇಳಿಸಿತು. ಅಂಥ ಹೋಟೆಲು ನಮ್ಮ ಕಡೆ ಊರಿಗೊಂದಿದೆ. ಮಳೆಗಾಲದಲ್ಲಿ ಬಸ್ಸು ತಡವಾದರೆ ಅಲ್ಲೇ ಕುಳಿತು ಕಾಯುತ್ತೇವೆ. ಆ ಬೆಂಚು, ಆ ಹೊಗೆ, ಆ ಮಂದ ಬೆಳಕು ಹತ್ತಾಳೆತ್ತರದ ತೆರೆಯ ಮೇಲೆ ಬಂದಾಗ ನಮ್ಮ ಊರನ್ನೇ ಯಾರೋ ಗೌರವದಿಂದ ನೋಡಿದಂತೆ ಅನ್ನಿಸಿತು.

ಮರುದಿನ ಸ್ಟಾಫ್ ರೂಮಿನಲ್ಲಿ ಹೇಳಿದೆ. ಏಳು ಜನ ಹೊರಡಲು ಒಪ್ಪಿದರು. ಶನಿವಾರ ಎಂದು ನಿಗದಿಯಾಯಿತು. ಶುಕ್ರವಾರಕ್ಕೇ ಚಿತ್ರ ಎತ್ತಿಬಿಟ್ಟರು. ಆ ಏಳು ಜನರಲ್ಲಿ ಒಬ್ಬರೂ ಇದುವರೆಗೆ ಅದನ್ನು ನೋಡಿಲ್ಲ, ಮೊಬೈಲಿನಲ್ಲಿಯೂ.

ಈಚೆಗೆ ನೋಡಿದ್ದು ‘ಮಿಥ್ಯ’. ತಂದೆತಾಯಿಯನ್ನು ಕಳೆದುಕೊಂಡು ಮುಂಬೈಯಿಂದ ಉಡುಪಿಯ ಚಿಕ್ಕಮ್ಮನ ಮನೆಗೆ ಬರುವ ಹನ್ನೊಂದು ವರ್ಷದ ಹುಡುಗನ ಕಥೆ. ನನ್ನ ತರಗತಿಯಲ್ಲಿ ಹಾಗೆ ಬಂದು ಸೇರಿದ ಮಕ್ಕಳಿದ್ದಾರೆ. ಅವರು ಅಳುವುದಿಲ್ಲ, ಸಿಟ್ಟಾಗುತ್ತಾರೆ. ನಿರ್ದೇಶಕ ಸುಮಂತ್ ಭಟ್ ಅದನ್ನು ಬಲ್ಲವರು.

ಮೂರನೇ ಸಾಲು (ಬೆಂಗಳೂರು)

ನಾನು ಎಂಜಿನಿಯರಿಂಗ್ ವಿದ್ಯಾರ್ಥಿ, ಪಿ.ಜಿ.ಯಲ್ಲಿ ವಾಸ. ನೋಡುವುದೆಲ್ಲ ಮೊಬೈಲಿನಲ್ಲಿ. ಹಿರಿಯರು ಬೇಸರಪಟ್ಟುಕೊಳ್ಳಬಾರದು, ಒಟಿಟಿ ಇಲ್ಲದಿದ್ದರೆ ನಾನು ಕನ್ನಡ ಚಿತ್ರಗಳನ್ನು ನೋಡುತ್ತಲೇ ಇರಲಿಲ್ಲ. ‘ಬ್ಲಿಂಕ್’ ಬಂದಾಗ ನಮ್ಮ ಕಾಲೇಜಿನ ಹತ್ತಿರದ ಮಾಲ್‌ನಲ್ಲಿ ದಿನಕ್ಕೆ ಒಂದೇ ಪ್ರದರ್ಶನ, ಅದೂ ತರಗತಿಯ ಹೊತ್ತಿನಲ್ಲಿ. ತಿಂಗಳುಗಳ ನಂತರ ಒಟಿಟಿಗೆ ಬಂದಾಗ ಕೋಣೆಯ ನಾಲ್ವರೂ ಒಂದೇ ಲ್ಯಾಪ್‌ಟಾಪ್ ಮುಂದೆ ಕುಳಿತು ನೋಡಿದೆವು. ಕಥೆಯ ಕಾಲಾನುಕ್ರಮ ಅರ್ಥವಾಗದೆ ಎರಡು ಸಲ ಹಿಂದಕ್ಕೆ ಓಡಿಸಿದೆವು. ಚಿತ್ರಮಂದಿರದಲ್ಲಿ ಹಾಗೆ ಮಾಡಲಾಗುತ್ತಿತ್ತೇ?

ಇನ್ನೊಂದು ಮಾತು. 2024ರ ಆರಂಭದಲ್ಲಿ ನಮ್ಮ ಕೋಣೆಯಲ್ಲಿ ಎಲ್ಲರ ಬಾಯಲ್ಲೂ ‘ಮಂಜುಮ್ಮೆಲ್ ಬಾಯ್ಸ್’, ‘ಪ್ರೇಮಲು’. ಎರಡನ್ನೂ ಬೆಂಗಳೂರಿನ ಚಿತ್ರಮಂದಿರಗಳಲ್ಲೇ ನೋಡಿದೆವು, ಟಿಕೆಟ್‌ಗೆ ಪರದಾಡಿ ನೋಡಿದೆವು. ಆ ಚಿತ್ರಗಳಿಗೆ ಸಿಕ್ಕ ಪ್ರದರ್ಶನಗಳು ಅದೇ ಊರಿನಲ್ಲಿ ‘ಬ್ಲಿಂಕ್’ಗೆ ಯಾಕೆ ಸಿಗಲಿಲ್ಲ? ತಿಳಿದವರು ಹೇಳಿ, ನಿಜವಾಗಿಯೂ ಅರ್ಥಮಾಡಿಕೊಳ್ಳುವ ಆಸೆ ನನಗೆ.

ಗಿರ್ಮಿಟ್ (ಹುಬ್ಬಳ್ಳಿ)

ನೀವೆಲ್ಲ ಗಂಡಸರು ಒಬ್ಬೊಬ್ಬರೇ ಹೋಗುವ ಲೆಕ್ಕದಲ್ಲಿ ಬರೆಯುತ್ತಿದ್ದೀರಿ. ಮನೆಯಿಂದ ಐದು ಜನ ಹೊರಡುವ ಲೆಕ್ಕ ನಾನು ಹೇಳುತ್ತೇನೆ.

2025ರ ಅಕ್ಟೋಬರಿನಲ್ಲಿ ‘ಕಾಂತಾರ’ದ ಹೊಸ ಭಾಗಕ್ಕೆ ಹೋದೆವು. ಅತ್ತೆಯವರು, ನಾನು, ನಮ್ಮವರು, ಇಬ್ಬರು ಮಕ್ಕಳು. ಟಿಕೆಟ್ಟಿಗೆ 1,600 ರೂಪಾಯಿ ಆಯಿತು. ಮಧ್ಯಂತರದಲ್ಲಿ ಎರಡು ಪಾಪ್‌ಕಾರ್ನ್, ಎರಡು ನೀರಿನ ಬಾಟಲಿ, ಅತ್ತೆಯವರಿಗೆ ಒಂದು ಕಾಫಿ. ಅದಕ್ಕೆ 1,100. ಮನೆಯಿಂದ ಒಯ್ದಿದ್ದ ಚಕ್ಕುಲಿ ಡಬ್ಬಿಯನ್ನು ಬಾಗಿಲಲ್ಲೇ ತೆಗೆದಿರಿಸಿಕೊಂಡಿದ್ದರು. ಅತ್ತೆಯವರಿಗೆ ಸಕ್ಕರೆ ಕಾಯಿಲೆ, ಹೊತ್ತಿಗೆ ಸರಿಯಾಗಿ ಏನಾದರೂ ತಿನ್ನಬೇಕು ಎಂದರೂ ಕೇಳಲಿಲ್ಲ. ಆಟೋ ಸೇರಿ ಮೂರು ಸಾವಿರ ದಾಟಿತು. ನಮ್ಮ ಮನೆಯಲ್ಲಿ ಅದು ಹದಿನೈದು ದಿನದ ತರಕಾರಿ ಮತ್ತು ಹಾಲಿನ ಹಣ. ಅತ್ತೆಯವರು ದೈವದ ದೃಶ್ಯದಲ್ಲಿ ಕೈಮುಗಿದು ಕುಳಿತಿದ್ದರು, ಹೊರಗೆ ಬಂದು ‘ಕಣ್ಣು ತುಂಬಿತು’ ಎಂದರು. ಖರ್ಚಾದದ್ದಕ್ಕೆ ನನಗೆ ದುಃಖವಿಲ್ಲ. ಆದರೆ ಹೀಗೆ ಹೋಗುವುದು ವರ್ಷಕ್ಕೆ ಒಮ್ಮೆ, ಇಲ್ಲವೇ ಎರಡು ಸಲ. ಆ ಒಂದು ಸಲಕ್ಕೆ ದೊಡ್ಡ ಚಿತ್ರವನ್ನೇ ಆರಿಸಿಕೊಳ್ಳುತ್ತೇವೆ. ಹೊಸ ಹುಡುಗರ ಚಿತ್ರ ಎಷ್ಟೇ ಚೆನ್ನಾಗಿದೆ ಎಂದರೂ ಮೂರು ಸಾವಿರವನ್ನು ಅದರ ಮೇಲೆ ಪಣಕ್ಕಿಡಲು ಧೈರ್ಯ ಬರುವುದಿಲ್ಲ.

ಟಿಕೆಟ್ಟಿಗೆ 200 ರೂಪಾಯಿ ಮಿತಿ ಎಂದು ಸರ್ಕಾರ ಹೇಳಿತ್ತಲ್ಲ, ಅದು ಏನಾಯಿತು?

ಗಾಂಧಿನಗರದ ಗುಮಾಸ್ತ (ಬೆಂಗಳೂರು)

ಇಪ್ಪತ್ತೆರಡು ವರ್ಷ ವಿತರಣಾ ಕಚೇರಿಗಳಲ್ಲಿ ಲೆಕ್ಕ ಬರೆದಿದ್ದೇನೆ. ತಿಳಿದಷ್ಟು ಹೇಳುತ್ತೇನೆ.

ಮೊದಲು ಗಿರ್ಮಿಟ್ ಮೇಡಂ ಅವರ ಪ್ರಶ್ನೆ. 2025ರ ಮಾರ್ಚ್ ಬಜೆಟ್ಟಿನಲ್ಲಿ ಮುಖ್ಯಮಂತ್ರಿ ಘೋಷಿಸಿದರು, ಸೆಪ್ಟೆಂಬರ್ 12ರಂದು ಅಧಿಸೂಚನೆ ಬಂತು: ತೆರಿಗೆ ಬಿಟ್ಟು 200 ರೂಪಾಯಿ ಮೀರಬಾರದು, 75 ಆಸನದೊಳಗಿನ ವಿಶೇಷ ಸಭಾಂಗಣಗಳಿಗೆ ವಿನಾಯಿತಿ. ಮಲ್ಟಿಪ್ಲೆಕ್ಸ್‌ಗಳ ಸಂಘ ಮತ್ತು ಕೆಲವು ನಿರ್ಮಾಪಕರು ಹೈಕೋರ್ಟಿಗೆ ಹೋದರು. ಸೆಪ್ಟೆಂಬರ್ 23ರಂದು ಮಧ್ಯಂತರ ತಡೆಯಾಜ್ಞೆ ಸಿಕ್ಕಿತು. ನೀವು ಅಕ್ಟೋಬರಿನಲ್ಲಿ ಹೋದಾಗ ಮಿತಿ ಜಾರಿಯಲ್ಲಿರಲಿಲ್ಲ. 2017ರಲ್ಲಿಯೂ ಇಂಥದೇ ಪ್ರಯತ್ನ ನಡೆದು ಹೀಗೆಯೇ ಸಿಕ್ಕಿಹಾಕಿಕೊಂಡಿತ್ತು. ಅದೇ ಸೆಪ್ಟೆಂಬರಿನಲ್ಲಿ 100 ರೂಪಾಯಿವರೆಗಿನ ಟಿಕೆಟ್ಟಿನ ಜಿಎಸ್‌ಟಿ ಶೇಕಡಾ 12ರಿಂದ 5ಕ್ಕೆ ಇಳಿಯಿತು. ಅದಕ್ಕಿಂತ ಹೆಚ್ಚಿನ ಬೆಲೆಯ ಟಿಕೆಟ್ಟಿಗೆ 18 ಹಾಗೆಯೇ ಇದೆ. ಸಣ್ಣ ಊರಿನ ಚಿತ್ರಮಂದಿರಕ್ಕೆ ಅದರಿಂದ ಒಂದಿಷ್ಟು ಉಸಿರಾಡುವಂತಾಗಿದೆ.

ಇನ್ನು ಆ ಹುಡುಗನ ಪ್ರಶ್ನೆ, ‘ಯಾಕೆ ಸಿಗಲಿಲ್ಲ?’

ನಮ್ಮಲ್ಲಿ ಏಕಪರದೆಯ ಚಿತ್ರಮಂದಿರಗಳು ಬಹುಕಾಲದಿಂದ ನಡೆದಿರುವುದು ಬಾಡಿಗೆ ಪದ್ಧತಿಯಲ್ಲಿ. ವಾರಕ್ಕೆ ಇಷ್ಟು ಎಂದು ನಿರ್ಮಾಪಕ ಅಥವಾ ವಿತರಕ ಕಟ್ಟಬೇಕು, ಗಳಿಕೆ ಬಂದರೂ ಬಾರದಿದ್ದರೂ. ಅದರ ಮೇಲೆ ಡಿಜಿಟಲ್ ಪ್ರದರ್ಶನದ ಕಂಪನಿಗೆ ಪ್ರತಿ ಪರದೆಗೆ ಪ್ರತಿ ವಾರ ಶುಲ್ಕ. ಅದಕ್ಕೆ ವಿಪಿಎಫ್ ಎನ್ನುತ್ತಾರೆ. ಅದರ ವಿರುದ್ಧ 2018ರಲ್ಲಿ ದಕ್ಷಿಣದ ನಿರ್ಮಾಪಕರೆಲ್ಲ ಸೇರಿ ಬಿಡುಗಡೆ ನಿಲ್ಲಿಸಿ ಹೋರಾಡಿದ್ದೂ ಉಂಟು. ಈಗ ಹೊಸಬನೊಬ್ಬ ಮನೆ ಅಡವಿಟ್ಟು ಚಿತ್ರ ಮಾಡಿದ್ದಾನೆ ಎಂದುಕೊಳ್ಳಿ. ಮೊದಲ ವಾರದ ಬಾಡಿಗೆ, ಶುಲ್ಕ, ಪೋಸ್ಟರು ಎಲ್ಲ ಕಟ್ಟುವಷ್ಟರಲ್ಲಿ ಕೈ ಖಾಲಿ. ಸೋಮವಾರ ಬೆಳಿಗ್ಗೆ ಲೆಕ್ಕ ಬರುತ್ತದೆ. ಶನಿವಾರ, ಭಾನುವಾರದ ಗಳಿಕೆ ಬಾಡಿಗೆಯ ಅರ್ಧಕ್ಕೂ ಮುಟ್ಟಿಲ್ಲ. ಎರಡನೆಯ ವಾರಕ್ಕೆ ಹಣ ಎಲ್ಲಿಂದ ತರುತ್ತಾನೆ? ಮಾಲೀಕನನ್ನೂ ಬೈಯುವಂತಿಲ್ಲ, ಅವನಿಗೆ ವಿದ್ಯುತ್ ಬಿಲ್ಲು, ನಾಲ್ಕು ಜನರ ಸಂಬಳ, ಹೆದ್ದಾರಿಯ ಪಕ್ಕದ ಜಾಗಕ್ಕೆ ಕಲ್ಯಾಣ ಮಂಟಪದವರ ಕರೆ. ಬಾಡಿಗೆ ಬೇಡ, ಶೇಕಡಾವಾರು ಕೊಡಿ ಎಂದು ಪ್ರದರ್ಶಕರೇ ಕೇಳುತ್ತಾ ಬಂದಿದ್ದಾರೆ. ಮಲ್ಟಿಪ್ಲೆಕ್ಸ್‌ನಲ್ಲಿ ಬಾಡಿಗೆಯಿಲ್ಲ, ಪಾಲು. ಆದರೆ ಅಲ್ಲಿ ಪ್ರದರ್ಶನಗಳ ಸಂಖ್ಯೆ ಮೊದಲ ದಿನದ ಬುಕಿಂಗ್ ನೋಡಿ ಏರುತ್ತದೆ, ಇಳಿಯುತ್ತದೆ. ಹೆಸರಿಲ್ಲದ ಚಿತ್ರಕ್ಕೆ ಬೆಳಿಗ್ಗೆ ಹತ್ತೂವರೆಯ ಆಟ ಕೊಟ್ಟು, ಜನ ಬರಲಿಲ್ಲ ಎಂದು ಅದನ್ನೂ ಕಿತ್ತುಕೊಳ್ಳುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ವರ್ಷಕ್ಕೆ ಇನ್ನೂರಕ್ಕೂ ಹೆಚ್ಚು ಕನ್ನಡ ಚಿತ್ರಗಳು, ಇರುವುದು ಐವತ್ತೆರಡು ಶುಕ್ರವಾರಗಳು. ಮಲಯಾಳಂ ಚಿತ್ರಗಳು ಇಲ್ಲಿಗೆ ಬರುವ ಹೊತ್ತಿಗೆ ಕೇರಳದಲ್ಲಿ ಗೆದ್ದ ಮಾತು ಜೊತೆಗೇ ಬಂದಿರುತ್ತದೆ. ನಮ್ಮ ಹೊಸಬರ ಚಿತ್ರದ ಬಗ್ಗೆ ಮಾತು ಹುಟ್ಟಬೇಕಾದದ್ದು ಇಲ್ಲಿ, ಶುಕ್ರವಾರದಿಂದ ಭಾನುವಾರದವರೆಗಿನ ಅದೇ ಮೂರು ದಿನಗಳಲ್ಲಿ.

ಒಟಿಟಿ ಇದೆಯಲ್ಲ ಎನ್ನುತ್ತೀರಿ. ಇತ್ತು. 2020ರ ಜುಲೈ 17ರಂದು ಪುನೀತ್ ರಾಜ್‌ಕುಮಾರ್ ಅವರ ಪಿ.ಆರ್.ಕೆ. ಸಂಸ್ಥೆಯ ‘ಲಾ’ ನೇರವಾಗಿ ಪ್ರೈಮ್‌ಗೆ ಬಂದಾಗ ಗಾಂಧಿನಗರದಲ್ಲಿ ಮಿಠಾಯಿ ಹಂಚದಿದ್ದರೂ ಆ ಸಂಭ್ರಮವಿತ್ತು. ಪುನೀತ್ ಅವರು ಆ ಬಾಗಿಲನ್ನು ಹೊಸಬರಿಗಾಗಿ ತೆರೆದರು. ‘ಫ್ರೆಂಚ್ ಬಿರಿಯಾನಿ’ ಅದೇ ತಿಂಗಳು, ‘ಇಕ್ಕಟ್’, ‘ರತ್ನನ್ ಪ್ರಪಂಚ’ ಮರುವರ್ಷ. ಬಿಡುಗಡೆಗೆ ಮೊದಲೇ ಹಣ ಕೈಗೆ ಬರುತ್ತಿತ್ತು. ಆ ಕಾಲ ಬೇಗ ಮುಗಿಯಿತು. ಈಗ ಬಹುತೇಕ ಸಣ್ಣ ಚಿತ್ರಗಳಿಗೆ ಸಿಗುವುದು ಎಷ್ಟು ಗಂಟೆ ನೋಡಿದರೋ ಅಷ್ಟಕ್ಕೆ ಪಾಲು. ಅದಕ್ಕೂ ಮೊದಲು ಕೇಳುವ ಪ್ರಶ್ನೆ, ‘ಚಿತ್ರಮಂದಿರದಲ್ಲಿ ಎಷ್ಟು ಗಳಿಸಿತು?’ ಚಿತ್ರಮಂದಿರದವರು ಒಟಿಟಿ ಹೆಸರು ಹೇಳಿ ಹಿಂದೆ ಸರಿಯುತ್ತಾರೆ, ಒಟಿಟಿಯವರು ಚಿತ್ರಮಂದಿರದ ಲೆಕ್ಕ ಕೇಳುತ್ತಾರೆ. ರಕ್ಷಿತ್ ಶೆಟ್ಟಿ ಅಂಥವರು ನಿರ್ಮಿಸಿದ ‘ಏಕಂ’ ಸರಣಿಯನ್ನೇ ಯಾವ ವೇದಿಕೆಯೂ ಕೊಳ್ಳಲಿಲ್ಲ. 2024ರ ಜುಲೈನಲ್ಲಿ ಅವರೇ ಜಾಲತಾಣ ಮಾಡಿ 149 ರೂಪಾಯಿಗೆ ತೋರಿಸಿದರು.

ಮೂರನೇ ಸಾಲು (ಬೆಂಗಳೂರು)

ಸರ್, ಇಷ್ಟು ವಿವರವಾಗಿ ಬರೆದಿದ್ದಕ್ಕೆ ಧನ್ಯವಾದ. ಗಂಟೆಯ ಲೆಕ್ಕದ ವಿಷಯ ತಿಳಿದಿರಲಿಲ್ಲ. ಹಾಗಾದರೆ ನಾವು ನಾಲ್ವರು ಒಂದೇ ಲ್ಯಾಪ್‌ಟಾಪ್‌ನಲ್ಲಿ ನೋಡಿದ್ದು ಒಬ್ಬರ ಲೆಕ್ಕ. ಟೆಲಿಗ್ರಾಂನಲ್ಲಿ ನೋಡುವ ನನ್ನ ಸ್ನೇಹಿತರದು ಶೂನ್ಯ.

ಪ್ರೊಜೆಕ್ಟರ್ ಕೋಣೆ (ಹರಿಹರ)

ನಾನು ಬರೆಯುವವನಲ್ಲ, ಮಗಳು ಟೈಪ್ ಮಾಡಿಕೊಡುತ್ತಿದ್ದಾಳೆ. ಮೂವತ್ತೊಂದು ವರ್ಷ ಚಿತ್ರಮಂದಿರದಲ್ಲಿ ಆಪರೇಟರ್ ಆಗಿದ್ದೆ. ಎಲ್ಲರೂ ಗಳಿಕೆಯ ಮಾತು ಆಡಿದರು, ನಾನು ಕೋಣೆಯ ಮಾತು ಹೇಳುತ್ತೇನೆ.

ಕೆಲಸಕ್ಕೆ ಸೇರಿದಾಗ ಕಾರ್ಬನ್ ಕಡ್ಡಿಯ ಯಂತ್ರ. ಎರಡು ಕಡ್ಡಿಗಳ ತುದಿಯ ನಡುವೆ ಬೆಂಕಿ ಹೊತ್ತಿಸಿ ಆ ಬೆಳಕನ್ನು ಕನ್ನಡಿಯಿಂದ ರೀಲಿನ ಮೇಲೆ ಬೀಳಿಸಬೇಕು. ಕಡ್ಡಿ ಉರಿದಂತೆ ಅಂತರ ಹೆಚ್ಚುತ್ತದೆ. ಕರಿಗಾಜಿನ ಕಿಂಡಿಯಲ್ಲಿ ನೋಡುತ್ತಾ ತಿರುಪನ್ನು ಕೂದಲೆಳೆಯಷ್ಟು ತಿರುಗಿಸುತ್ತಿರಬೇಕು, ಇಲ್ಲದಿದ್ದರೆ ತೆರೆ ಹಳದಿಗೆ ತಿರುಗುತ್ತದೆ. ಆಗ ಗಾಂಧಿ ಕ್ಲಾಸಿನಿಂದ ಶಿಳ್ಳೆ. ಸಾವಿರ ಅಡಿಯ ರೀಲು ಹನ್ನೊಂದು ನಿಮಿಷ. ತೆರೆಯ ಬಲಮೂಲೆಯ ಮೇಲ್ಭಾಗದಲ್ಲಿ ಒಂದು ಚುಕ್ಕೆ ಮಿಂಚಿದರೆ ಎರಡನೆಯ ಯಂತ್ರ ಚಾಲೂ, ಇನ್ನೊಂದು ಚುಕ್ಕೆಗೆ ಬೆಳಕಿನ ಬಾಗಿಲು ಬದಲು. ಹೊತ್ತು ತಪ್ಪಿದರೆ ಅಣ್ಣಾವ್ರ ಮಾತು ಅರ್ಧಕ್ಕೆ ತುಂಡಾಗುತ್ತದೆ. ನನ್ನ ಕೈಯಲ್ಲಿ ತುಂಡಾದದ್ದು ಒಂದೇ ಸಲ, ಆ ದಿನ ನಮ್ಮ ದೊಡ್ಡ ಮಗಳು ಹುಟ್ಟಿದ ಸುದ್ದಿ ಬಂದಿತ್ತು.

ಒಂದೇ ಪ್ರತಿಯನ್ನು ಎರಡು ಊರಿನಲ್ಲಿ ಓಡಿಸುತ್ತಿದ್ದ ಕಾಲವೂ ಇತ್ತು. ನಮ್ಮಲ್ಲಿ ನಾಲ್ಕು ರೀಲು ಮುಗಿದೊಡನೆ ಹುಡುಗನೊಬ್ಬ ಡಬ್ಬಿಗಳನ್ನು ಕಟ್ಟಿಕೊಂಡು ಪಕ್ಕದ ಊರಿಗೆ ಹೊರಡುತ್ತಿದ್ದ. ಮಳೆ ಬಂದರೆ ತನ್ನ ಅಂಗಿ ಬಿಚ್ಚಿ ಡಬ್ಬಿಗೆ ಹೊದಿಸುತ್ತಿದ್ದ.

ಆಮೇಲೆ ಡಿಜಿಟಲ್ ಬಂತು. ಹಾರ್ಡ್ ಡಿಸ್ಕ್ ಬರುತ್ತದೆ, ಅದನ್ನು ತೆರೆಯುವ ಕೀ ಎಂಬ ಸಂಕೇತ ಬರುತ್ತದೆ, ಗುಂಡಿ ಒತ್ತಬೇಕು. ಚಿತ್ರ ಚೆನ್ನಾಗಿ ಕಾಣುತ್ತದೆ, ಅದನ್ನು ಒಪ್ಪಿಕೊಳ್ಳಬೇಕು. ಗೀರು ಇಲ್ಲ, ತುಂಡಾಗುವುದಿಲ್ಲ. ಆದರೆ ಕೀ ಅವಧಿ ಮುಗಿದರೆ ಚಿತ್ರವೇ ಇಲ್ಲ. ಮೊದಲು ಊರಿನವರು ಬಂದು ‘ಜಾತ್ರೆಗೆ ನೆಂಟರು ಬಂದಿದ್ದಾರೆ, ಇನ್ನೆರಡು ದಿನ ಇರಲಿ’ ಎಂದರೆ ಮಾಲೀಕರು ವಿತರಕರಿಗೆ ಫೋನ್ ಮಾಡಿ ಇರಿಸಿಕೊಳ್ಳುತ್ತಿದ್ದರು. ಪೆಟ್ಟಿಗೆ ನಮ್ಮ ಕೋಣೆಯಲ್ಲೇ ಇರುತ್ತಿತ್ತಲ್ಲ.

ಕೊನೆಯ ವರ್ಷ ಎರಡನೆಯ ಆಟಕ್ಕೆ ಆರು ಜನ, ನಾಲ್ಕು ಜನ. ಒಂದು ರಾತ್ರಿ ಒಬ್ಬರೇ ಬಂದರು, ವಯಸ್ಸಾದ ಹಮಾಲಿ. ಮಾಲೀಕರು ಆಟ ಬೇಡ ಎಂದರು. ನಾನು ಓಡಿಸಿದೆ, ವಿದ್ಯುತ್ತಿನ ಹಣ ನನ್ನ ಸಂಬಳದಲ್ಲಿ ಹಿಡಿದುಕೊಳ್ಳಿ ಎಂದೆ. ಮಾಲೀಕರು ಹಿಡಿಯಲಿಲ್ಲ. ಆತ ಬಾಲ್ಕನಿಗೆ ಬರಲು ಹೇಳಿದರೂ ಬರಲಿಲ್ಲ, ತನ್ನ ಟಿಕೆಟ್ಟಿನ ಜಾಗದಲ್ಲೇ, ಮುಂದಿನ ಬೆಂಚಿನಲ್ಲೇ ಕುಳಿತು ನೋಡಿದ. ಈಗ ಆ ಜಾಗದಲ್ಲಿ ಗೋದಾಮು ಇದೆ.

ತುಂಗಾತೀರ (ಶಿವಮೊಗ್ಗ)

ಅಣ್ಣ, ಮಗಳಿಗೆ ಹೇಳಿ, ಇನ್ನೂ ಬರೆಸಿಕೊಳ್ಳಲಿ. ‘ಪೆಟ್ಟಿಗೆ ನಮ್ಮ ಕೋಣೆಯಲ್ಲೇ ಇರುತ್ತಿತ್ತಲ್ಲ’ ಎಂಬ ಮಾತನ್ನು ನಾನು ಮೂರು ಸಲ ಓದಿದೆ.

ಬಾಲ್ಕನಿ (ಬೆಂಗಳೂರು)

ನನಗೆ ಒಂದು ವಿಷಯದಲ್ಲಿ ಭಿನ್ನಾಭಿಪ್ರಾಯವಿದೆ. ಬಾಡಿಗೆ, ಶುಲ್ಕ, ಒಟಿಟಿ ಎಲ್ಲ ಸರಿ. ಆದರೆ ಚಿತ್ರಮಂದಿರದ ದೀಪ ಆರದಂತೆ ನೋಡಿಕೊಳ್ಳುವುದು ದೊಡ್ಡ ನಟರ ಚಿತ್ರಗಳು. ರಾಜ್‌ಕುಮಾರ್ ಅವರ ಚಿತ್ರಗಳು ಅರವತ್ತರ ದಶಕದಲ್ಲಿ ಒಂದೇ ವರ್ಷಕ್ಕೆ ಹತ್ತಕ್ಕೂ ಹೆಚ್ಚು ಬಂದದ್ದಿದೆ. ಈಗ? ಯಶ್ ಅವರ ‘ಕೆಜಿಎಫ್’ ಎರಡನೆಯ ಭಾಗ ಬಂದದ್ದು 2022ರ ಏಪ್ರಿಲ್‌ನಲ್ಲಿ, 2025 ಮುಗಿದರೂ ಇನ್ನೊಂದು ಬಂದಿರಲಿಲ್ಲ. ಧ್ರುವ ಸರ್ಜಾ ಅವರಿಗೆ ‘ಪೊಗರು’ವಿನಿಂದ ‘ಮಾರ್ಟಿನ್’ ತಲುಪಲು ಮೂರೂವರೆ ವರ್ಷ ಹಿಡಿಯಿತು. ದೇಶವ್ಯಾಪಿ ಚಿತ್ರ ಮಾಡಬೇಕೆಂಬ ಆಸೆ ತಪ್ಪಲ್ಲ. 2022ರಲ್ಲಿ ‘ಕೆಜಿಎಫ್’, ‘777 ಚಾರ್ಲಿ’, ‘ಕಾಂತಾರ’ ಒಂದರ ಹಿಂದೆ ಒಂದು ಬಂದಾಗ ನಾನೂ ಎದೆಯುಬ್ಬಿಸಿದ್ದೆ. ಆದರೆ ಕೆ.ಆರ್. ಪೇಟೆಯ, ಸಿಂಧನೂರಿನ ಚಿತ್ರಮಂದಿರಕ್ಕೆ ತಿಂಗಳಿಗೊಂದಾದರೂ ಜನ ಸೇರುವ ಚಿತ್ರ ಬೇಕು. ಹಳೆಯ ‘ಜಾಕಿ’, ‘ಎ’, ‘ಅಪ್ಪು’ ಚಿತ್ರಗಳನ್ನು ಮರುಬಿಡುಗಡೆ ಮಾಡಿ ದಿನ ದೂಡುವಂತಾಗಿದೆ. ‘ಅಪ್ಪು’ ಮರುಬಿಡುಗಡೆಯಾದಾಗ ನಾನೂ ಹೋಗಿ ಅತ್ತಿದ್ದೇನೆ, ಅದು ಬೇರೆ ಮಾತು.

ಕೆಂಪೇಗೌಡ ರಸ್ತೆಯ ಸುತ್ತಮುತ್ತ ಈಗ ನಡೆದರೆ ನನಗೆ ಬರೀ ಇಲ್ಲದ ಕಟ್ಟಡಗಳೇ ಕಾಣುತ್ತವೆ. ಕಪಾಲಿ ಇಲ್ಲ, ಸಾಗರ್ ಇಲ್ಲ. ಆಚೆ ಎಂ.ಜಿ. ರಸ್ತೆಯ ಪ್ಲಾಜಾ ಇದ್ದ ಕಡೆ ಮೆಟ್ರೊ ನಿಲ್ದಾಣ. ಬ್ರಿಗೇಡ್ ರಸ್ತೆಯ ರೆಕ್ಸ್ 2018ರ ಕೊನೆಯ ದಿನ ಮುಚ್ಚಿತು. ಐವತ್ತು ವರ್ಷ ತುಂಬಿದ ಕಾವೇರಿ 2024ರಲ್ಲಿ.

ಕಡಲತಡಿ (ಮಂಗಳೂರು)

ಬಾಲ್ಕನಿಯವರೇ, ನಿಮ್ಮ ಮಾತಿಗೆ ನಮ್ಮ ಊರಿನಿಂದಲೇ ಉತ್ತರವಿದೆ. 2025ರ ಜುಲೈ 25ರಂದು ‘ಸು ಫ್ರಮ್ ಸೋ’ ಬಂತು. ದೊಡ್ಡ ನಟನಿಲ್ಲ. ನಿರ್ದೇಶಕ ಜೆ.ಪಿ. ತುಮಿನಾಡು ಅವರನ್ನು ಇಲ್ಲಿನ ರಂಗಭೂಮಿಯವರು ಬಲ್ಲರು, ರಾಜ್ಯ ಬಲ್ಲದು ಎನ್ನುವಂತಿರಲಿಲ್ಲ. ಊರಿನ ಹುಡುಗನೊಬ್ಬನ ಮೈಮೇಲೆ ಸೋಮೇಶ್ವರದ ಸುಲೋಚನಾ ಬಂದಿದ್ದಾಳೆ ಎಂಬ ಪುಕಾರು, ಅದರ ಸುತ್ತ ಊರಿನವರ ಗಲಾಟೆ. ಬಿಡುಗಡೆಗೆ ಮೊದಲೇ ಕೆಲವು ಊರುಗಳಲ್ಲಿ ಪ್ರೀಮಿಯರ್ ಆಟ ಇರಿಸಿ, ನೋಡಿದವರ ಬಾಯಿಂದಲೇ ಮಾತು ಹೊರಡಿಸಿದರು. ನಾನು ಮೊದಲ ಶನಿವಾರ ಹೋದೆ. ಪಕ್ಕದಲ್ಲಿ ಕುಳಿತಿದ್ದವರು ಮೀನು ಮಾರುವ ಅಮ್ಮಂದಿರು, ಐದು ಮಂದಿ. ನಕ್ಕು ನಕ್ಕು ಒಬ್ಬರು ನನ್ನ ತೋಳನ್ನೇ ಹಿಡಿದುಕೊಂಡರು. ಅಪರಿಚಿತರು. ಮನೆಯ ಸೋಫಾದಲ್ಲಿ ಆ ಕೈ ಎಲ್ಲಿಂದ ಬರಬೇಕು?

ಸೋಮವಾರ ಆಟ ಕಡಿಮೆಯಾಗಲಿಲ್ಲ, ಹೆಚ್ಚಾಯಿತು. ಮಧ್ಯರಾತ್ರಿಯ ಆಟ, ಬೆಳಗಿನ ಆಟ. ವಾರಗಟ್ಟಲೆ ಓಡಿತು. ಗುಮಾಸ್ತರು ಹೇಳಿದ ಆ ಮೂರು ದಿನಗಳನ್ನು ಬಿಡುಗಡೆಗೆ ಮುಂಚೆಯೇ ಗಳಿಸಿಕೊಂಡದ್ದು ಇವರ ಜಾಣತನ ಎಂದು ನನ್ನ ಭಾವನೆ.

ಇನ್ನೊಂದು ಸಂಗತಿ ನನ್ನನ್ನು ಬಹಳ ಖುಷಿಪಡಿಸಿತು. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’, 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ತೆರೆಕಂಡದ್ದು. ತೊಂಬತ್ತೊಂದು ವರ್ಷದ ಮೇಲೆ ಜನರನ್ನು ಚಿತ್ರಮಂದಿರಕ್ಕೆ ಕರೆತಂದವಳೂ ಸುಲೋಚನೆಯೇ.

ಗಾಂಧಿನಗರದ ಗುಮಾಸ್ತ (ಬೆಂಗಳೂರು)

ಕಡಲತಡಿಯವರು ಹೇಳಿದ್ದು ನೂರಕ್ಕೆ ನೂರು ಸರಿ. ಆದರೆ ಪ್ರೀಮಿಯರ್ ಮಾಡಲೂ ಹಿಂದೆ ಒಬ್ಬ ರಾಜ್ ಬಿ. ಶೆಟ್ಟಿ ನಿರ್ಮಾಪಕರಾಗಿ ನಿಂತಿದ್ದರು, ಅವರ ಮಾತಿಗೆ ಚಿತ್ರಮಂದಿರದವರು ಕಿವಿಗೊಟ್ಟರು. ಅಂಥ ಆಸರೆಯಿಲ್ಲದವರೇ ಹೆಚ್ಚು.

ಎರಡು ಊರಾಚೆ (ಮ್ಯೂನಿಕ್)

ನಮಗೆ ಇಲ್ಲಿ ಕನ್ನಡ ಚಿತ್ರವೆಂದರೆ ಒಂದು ಭಾನುವಾರ, ಒಂದು ಆಟ. ಕನ್ನಡ ಬಳಗದವರು ಸೇರಿ ಪರದೆ ಬಾಡಿಗೆಗೆ ಹಿಡಿಯುತ್ತೇವೆ. ಇಷ್ಟು ಜನ ಬರುತ್ತೇವೆಂದು ಮೊದಲೇ ಹಣ ಕಟ್ಟಿದರೆ ಮಾತ್ರ ಆಟ. ನೂರ ಹತ್ತು ಕಿಲೋಮೀಟರ್ ಕಾರು ಓಡಿಸಿಕೊಂಡು ಹೋಗುತ್ತೇನೆ. ಮಧ್ಯಂತರದಲ್ಲಿ ಯಾರದೋ ಮನೆಯ ಚಿತ್ರಾನ್ನ ಪಾರ್ಕಿಂಗ್ ಜಾಗದಲ್ಲಿ ಕೈಗೆ ಬರುತ್ತದೆ. ನನ್ನ ಮಗನಿಗೆ ಒಂಬತ್ತು ವರ್ಷ. ಕನ್ನಡ ಮಾತನಾಡುವ ನೂರು ಜನರನ್ನು ಅವನು ಒಟ್ಟಿಗೆ ನೋಡುವುದು ಆ ಒಂದು ದಿನ ಮಾತ್ರ.

ಆದ್ದರಿಂದ ಒಟಿಟಿಯ ಬಗ್ಗೆ ಕೆಟ್ಟದಾಗಿ ಮಾತನಾಡಲು ನನಗೆ ಬಾಯಿ ಬರುವುದಿಲ್ಲ, ಅದು ನಮ್ಮ ನಿತ್ಯದ ಅನ್ನ. ಸಂಕಟವಾಗುವುದು ಇನ್ನೊಂದು ಕಾರಣಕ್ಕೆ. ಭಾರತದಲ್ಲಿ ಸಿಗುವ ಎಷ್ಟೋ ಕನ್ನಡ ಚಿತ್ರಗಳು ಇಲ್ಲಿ ತೆರೆದರೆ ‘ನಿಮ್ಮ ಪ್ರದೇಶದಲ್ಲಿ ಲಭ್ಯವಿಲ್ಲ’. ಇಂದು ಇದ್ದದ್ದು ಮುಂದಿನ ತಿಂಗಳು ಇರುವುದಿಲ್ಲ. ಹಳೆಯ ಚಿತ್ರಗಳದಂತೂ ಹೇಳಬಾರದು. ಯೂಟ್ಯೂಬಿನಲ್ಲಿ ಸಿಗುವ ಪ್ರತಿಗಳಲ್ಲಿ ಮುಖವೇ ಕಾಣುವುದಿಲ್ಲ, ಮೂಲೆಯಲ್ಲಿ ಕಂಪನಿಯ ಮುದ್ರೆ ಬೇರೆ. ಗಿರೀಶ್ ಕಾಸರವಳ್ಳಿ ಅವರ 1977ರ ‘ಘಟಶ್ರಾದ್ಧ’ವನ್ನು ಹೊಸದಾಗಿ ಸಂಸ್ಕರಿಸಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು. ಆ ಸುದ್ದಿ ಓದಿ ನನ್ನ ಕಣ್ಣು ಒದ್ದೆಯಾಯಿತು. ಅಮೆರಿಕದ ಸಂಸ್ಥೆಯೂ ಮುಂಬೈಯ ಫಿಲ್ಮ್ ಹೆರಿಟೇಜ್ ಫೌಂಡೇಶನ್ನೂ ಸೇರಿ ಆ ಕೆಲಸ ಮಾಡಿದವು. ಅಷ್ಟು ಮುತುವರ್ಜಿಗೆ ಅರ್ಹವಾದ ಇನ್ನೆಷ್ಟು ಚಿತ್ರಗಳ ಡಬ್ಬಿಗಳು ಯಾವ ಗೋದಾಮಿನಲ್ಲಿ ಹುಳಿ ವಾಸನೆ ಹಿಡಿದು ಕುಳಿತಿವೆಯೋ.

ಗಿರ್ಮಿಟ್ (ಹುಬ್ಬಳ್ಳಿ)

ಸರ್ಕಾರವೇ ಒಟಿಟಿ ಮಾಡುತ್ತದೆ ಎಂದು ಪತ್ರಿಕೆಯಲ್ಲಿ ಓದಿದ್ದೆ. ನಿಜವೇ?

ಗಾಂಧಿನಗರದ ಗುಮಾಸ್ತ (ಬೆಂಗಳೂರು)

ಅದೇ 2025ರ ಬಜೆಟ್ಟಿನಲ್ಲಿ ಹೇಳಿದ್ದು ನಿಜ, ಮೈಸೂರಿನಲ್ಲಿ 150 ಎಕರೆಯ ಚಿತ್ರನಗರಿಯ ಜೊತೆಗೆ. ಕೇರಳ 2024ರ ಮಾರ್ಚ್‌ನಲ್ಲೇ ‘ಸಿ ಸ್ಪೇಸ್’ ಆರಂಭಿಸಿತು, ಚಿತ್ರಕ್ಕೆ 75 ರೂಪಾಯಿ, ನೋಡಿದಷ್ಟಕ್ಕೆ ಹಣ. ನಮ್ಮಲ್ಲಿ ಆದರೆ ಸಂತೋಷ. ನನ್ನ ಆಸೆ ಅದಕ್ಕಿಂತ ಸಣ್ಣದು. ಪ್ರತಿ ಜಿಲ್ಲಾ ಕೇಂದ್ರದಲ್ಲಿ ನೂರು ಆಸನದ ಒಂದು ಪರದೆ ಇರಲಿ, ಟಿಕೆಟ್ ನೂರು ರೂಪಾಯಿ ಒಳಗಿರಲಿ, ಹೊಸಬರ ಚಿತ್ರವನ್ನು ಎರಡು ವಾರ ಕದಲಿಸುವುದಿಲ್ಲ ಎಂಬ ಮಾತು ಕೊಡಲಿ. ಬಾಡಿಗೆ ಬೇಡ. ಈ ಇಪ್ಪತ್ತೆರಡು ವರ್ಷದಲ್ಲಿ ಒಳ್ಳೆಯ ಚಿತ್ರಗಳು ಸೋತದ್ದನ್ನು ಬಹಳ ಕಂಡಿದ್ದೇನೆ. ಅವುಗಳಲ್ಲಿ ಬಹುಪಾಲು ಎರಡನೆಯ ಸೋಮವಾರವನ್ನು ಕಾಣಲೇ ಇಲ್ಲ.

ಪ್ರೊಜೆಕ್ಟರ್ ಕೋಣೆ (ಹರಿಹರ)

ಅಂಥದ್ದು ದಾವಣಗೆರೆಯಲ್ಲಿ ಆದರೆ ಹೇಳಿ. ಗುಂಡಿ ಒತ್ತಲು ಸಂಬಳವಿಲ್ಲದೆ ಬರುತ್ತೇನೆ.

ಮ್ಯಾಟ್ನಿ ಶೋ (ಮೈಸೂರು)

ಎಲ್ಲರ ಬರಹವನ್ನೂ ಹೆಂಡತಿಗೆ ಓದಿ ಹೇಳಿದೆ. ಹಮಾಲಿಯ ಕಥೆಗೆ ಅವಳು ಕೆಲಸ ನಿಲ್ಲಿಸಿ ಬಂದು ಕುಳಿತಳು. ‘ಏಳಿ, ಇವತ್ತೇ ಹೋಗೋಣ’ ಎಂದಳು. ಹೊಸಬರ ಚಿತ್ರವೊಂದು ನಿನ್ನೆ ಬಿಡುಗಡೆಯಾಗಿತ್ತು, ಅದರ ಬಗ್ಗೆ ಇಬ್ಬರಿಗೂ ಏನೂ ಗೊತ್ತಿರಲಿಲ್ಲ. ನಾಲ್ಕೂಕಾಲರ ಆಟ. ಬಾಲ್ಕನಿ 120 ರೂಪಾಯಿ. ಎಣಿಸಿದೆ, ನಾವೂ ಸೇರಿ ಇಪ್ಪತ್ತಮೂರು ಜನ. ಮೊದಲರ್ಧ ಎಳೆದಾಡುತ್ತದೆ, ಹಾಡೊಂದು ಬೇಕಿರಲಿಲ್ಲ. ಮಧ್ಯಂತರದ ನಂತರ ತಂದೆ ಮಗಳು ಬಸ್ ನಿಲ್ದಾಣದಲ್ಲಿ ಕುಳಿತು ಮಾತನಾಡುವ ದೃಶ್ಯವೊಂದಿದೆ, ಹತ್ತು ನಿಮಿಷ, ಕ್ಯಾಮೆರಾ ಅಲ್ಲಾಡುವುದಿಲ್ಲ. ಹೆಂಡತಿ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಹೊರಗೆ ಬಂದಾಗ ಚಿತ್ರದ ನಿರ್ದೇಶಕ ಮೆಟ್ಟಿಲ ಹತ್ತಿರ ನಿಂತಿದ್ದ, ಹೋಗುವವರ ಮುಖವನ್ನು ಒಂದೊಂದಾಗಿ ನೋಡುತ್ತಿದ್ದ. ಬಸ್ ನಿಲ್ದಾಣದ ದೃಶ್ಯದ ಬಗ್ಗೆ ಹೇಳಿದೆ. ಅವನ ತಂದೆ ನಿರ್ವಾಹಕರಂತೆ.

ಗುರುವಾರದವರೆಗೆ ಬಾಡಿಗೆ ಕಟ್ಟಿದ್ದಾರೆ, ಆಮೇಲೆ ಗೊತ್ತಿಲ್ಲ ಎಂದು ಗೇಟಿನವರು ಹೇಳಿದರು. ನಾಳೆ ಭಾನುವಾರ ನಾಲ್ಕೂಕಾಲಕ್ಕೆ ನಾವಿಬ್ಬರೂ ಮತ್ತೆ ಹೋಗುತ್ತಿದ್ದೇವೆ, ಪಕ್ಕದ ಮನೆಯ ನಾಲ್ವರನ್ನು ಕರೆದುಕೊಂಡು. ಮೈಸೂರಿನವರು ಯಾರಾದರೂ ಬರುವುದಿದ್ದರೆ ತಿಳಿಸಿ, ಟಿಕೆಟ್ ಕಿಟಕಿಯ ಹತ್ತಿರ ನಾಲ್ಕು ಗಂಟೆಗೆ ನಿಂತಿರುತ್ತೇನೆ.